ಹವಳದ ಬಾಣಂತನ

2023ರ ಬೇಸಿಗೆಯ ಹೊತ್ತಿಗೆ ನಾನು ರಾಯಚೂರಿನಲ್ಲಿ ಅಕ್ವೇರಿಯಂ ಸರ್ವಿಸ್ ಶುರುಮಾಡಿ ಹದಿನೆಂಟು ವರ್ಷಗಳಾಗಿದ್ದವು. ಮೀನುಗಾರಿಕೆ ವಿಜ್ಞಾನದಲ್ಲಿ ಪದವಿ ಮುಗಿಸಿ ಕರಾವಳಿಯಿಂದ ಊರಿಗೆ ಮರಳಿದಾಗ ಬಂಧುಬಳಗವೆಲ್ಲ ನಕ್ಕಿತ್ತು. ನಳದ ನೀರಿಗೇ ಕೊಡ ಹಿಡಿದು ಕಾಯುವ ಊರಿನಲ್ಲಿ ಗಾಜಿನ ಪೆಟ್ಟಿಗೆಗೆ ನೀರು ತುಂಬಿಸಿಕೊಳ್ಳುವವರು ಯಾರಿದ್ದಾರೆ ಎಂಬುದು ಅವರ ಪ್ರಶ್ನೆ. ಆದರೆ ಇದ್ದರು. ಡಾಕ್ಟರರ ಕ್ಲಿನಿಕ್ಕು, ಬಟ್ಟೆ ಅಂಗಡಿ, ಶಕ್ತಿನಗರದ ಕ್ವಾರ್ಟರ್ಸಿನ ಎಂಜಿನಿಯರುಗಳು, ಹೀಗೆ ಒಬ್ಬರಿಂದ ಒಬ್ಬರಿಗೆ ಹೆಸರು ಹಬ್ಬಿತು. ಮಕ್ಕಳು ಹಿಡಿಗಟ್ಟಲೆ ಅನ್ನ ಹಾಕಿ ಕೆಡಿಸಿದ ನೀರನ್ನು ಸರಿಮಾಡುತ್ತ, ಬದುಕಿರುವ ಗೋಲ್ಡ್‌ಫಿಷ್ ಸಾಯದಂತೆ ನೋಡಿಕೊಳ್ಳುತ್ತ ನನ್ನ ಸಂಸಾರ ಸಾಗಿತು. ಸಂಸಾರ ಎಂದರೆ ನಾನು ಒಬ್ಬಳೇ.

ಉಪ್ಪುನೀರಿನ ಟ್ಯಾಂಕುಗಳು ಮಾತ್ರ ನನಗೆ ಗೊತ್ತಿದ್ದಂತೆ ಇಡೀ ಜಿಲ್ಲೆಯಲ್ಲಿ ಬೆರಳೆಣಿಕೆಯಷ್ಟು. ಸಮುದ್ರ ನಮ್ಮಿಂದ ನೂರಾರು ಮೈಲಿ ದೂರ. ಆರ್‌ಓ ಯಂತ್ರದಲ್ಲಿ ಶುದ್ಧವಾದ ನೀರಿಗೆ ಅಳತೆಯಂತೆ ಸಮುದ್ರದ ಉಪ್ಪಿನ ಪುಡಿ ಬೆರೆಸಿ, ಮನೆಯ ಪಡಸಾಲೆಯಲ್ಲಿ ಒಂದು ತುಣುಕು ಸಮುದ್ರವನ್ನು ನಾವೇ ತಯಾರಿಸಬೇಕು. ಅದರಲ್ಲಿ ಹವಳ ಸಾಕುತ್ತಾರೆ ಎಂದರೆ ನಮ್ಮ ಕಡೆ ಮೊದಲು ಕೇಳುವ ಪ್ರಶ್ನೆ, "ಯಾವ ಬೆರಳಿಗೆ ಹಾಕ್ಕೋಬೇಕ್ರಿ?" ಉಂಗುರದ ಕೆಂಪು ಹರಳಷ್ಟೇ ಹವಳ ಎಂದುಕೊಂಡವರಿಗೆ ಅದೊಂದು ಪ್ರಾಣಿ, ತಿನ್ನುತ್ತದೆ, ಹೆದರಿದರೆ ಮುದುಡುತ್ತದೆ ಎಂದು ಹೇಳಿ ಹೇಳಿ ನನ್ನ ಗಂಟಲು ಒಣಗಿದೆ. ಕಲ್ಲಿನಂಥ ಗೂಡು ಕಟ್ಟುವ ಗಟ್ಟಿ ಹವಳಗಳಿಗೆ ನಮ್ಮ ವನ್ಯಜೀವಿ ಕಾಯ್ದೆಯ ರಕ್ಷಣೆ ಇರುವುದರಿಂದ ಅವನ್ನು ನಾನು ಮುಟ್ಟುವುದಿಲ್ಲ. ನಾನು ನೋಡಿಕೊಳ್ಳುವುದು ಮೆದು ಹವಳಗಳನ್ನು, ಅದೂ ಟ್ಯಾಂಕಿನಲ್ಲೇ ಸಣ್ಣ ತುಂಡಿನಿಂದ ಬೆಳೆಸಿದವನ್ನು.

ಅಂಥದೊಂದು ಹವಳ ಮಾನ್ವಿಯಲ್ಲಿತ್ತು. ಅದರ ಒಡತಿ ಪ್ರತಿಭಾ, ಪಿಯು ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಕಲಿಸುತ್ತಿದ್ದ ಹುಡುಗಿ. ತವರು ದೇವದುರ್ಗ. ಮದುವೆಗೆ ಮುಂಚೆ ಒಂದು ರೂಪಾಯಿ ನಾಣ್ಯದಷ್ಟಿದ್ದ ತುಂಡನ್ನು ನಾನೇ ಅವಳಿಗೆ ತರಿಸಿಕೊಟ್ಟಿದ್ದೆ. ಮದುವೆಯಾಗಿ ಮಾನ್ವಿಯ ಅಕ್ಕಿ ಗಿರಣಿಯವರ ಮನೆಗೆ ಬರುವಾಗ ಅಲಮಾರಿ, ಹಾಸಿಗೆ, ತಾಮ್ರದ ಹಂಡೆಗಳ ಜೊತೆ ಮುನ್ನೂರು ಲೀಟರಿನ ಗಾಜಿನ ಟ್ಯಾಂಕೂ ಟೆಂಪೋದಲ್ಲಿ ಬಂತು. ಹವಳ ಬಕೆಟ್ಟಿನಲ್ಲಿ, ಮದುಮಗಳ ಕಾಲ ಬಳಿಯೇ ಕುಳಿತು ಬಂತು. ಗಂಡನ ಮನೆಯವರು ಆ ದಿನ ಏನಂದುಕೊಂಡರೋ, ಬಾಯಿಬಿಟ್ಟು ಏನೂ ಅನ್ನಲಿಲ್ಲ.

ಇದಕ್ಕೆ ಲೆದರ್ ಕೋರಲ್ ಎನ್ನುತ್ತಾರೆ. ದಪ್ಪ ಕಾಂಡ, ಮೇಲೆ ಅಣಬೆಯಂತೆ ಅಗಲವಾದ ಛತ್ರಿ, ಮುಟ್ಟಿದರೆ ಹದಮಾಡಿದ ತೊಗಲು ಮುಟ್ಟಿದಂತೆ. ಛತ್ರಿಯ ಮೇಲೆಲ್ಲ ನೂರಾರು ಪಾಲಿಪ್‌ಗಳು. ಪಾಲಿಪ್ ಎಂದರೆ ಎಂಟು ಎಳೆಗಳನ್ನು ಚಾಚಿ ನೀರಿನಿಂದ ಆಹಾರ ಹಿಡಿಯುವ ಪುಟ್ಟ ಜೀವ. ಅವೆಲ್ಲ ತೆರೆದುಕೊಂಡಾಗ ಹವಳ ಹೂಬಿಟ್ಟಂತೆ ಕಾಣುತ್ತದೆ, ಮುಚ್ಚಿಕೊಂಡಾಗ ಬೋಳು ತೊಗಲಿನ ಮುದ್ದೆ. ಮೂರು ವರ್ಷದಲ್ಲಿ ಪ್ರತಿಭಾಳ ಹವಳ ಊಟದ ತಟ್ಟೆಯಷ್ಟು ಅಗಲವಾಗಿತ್ತು. ಅವಳು ವಾರಕ್ಕೆರಡು ಸಲ ನನಗೆ ಫೋನ್ ಮಾಡಿ ಹತ್ತು ಪ್ರಶ್ನೆ ಕೇಳುವಳು. ಕ್ಷಾರಗುಣ ಎಷ್ಟಿರಬೇಕು, ದೀಪ ಎಷ್ಟು ಹೊತ್ತು ಬೇಕು, ಇವತ್ತು ಬಲಗಡೆ ಯಾಕೆ ಸ್ವಲ್ಪ ಬಾಗಿದೆ. ನನಗೆ ಸಿಟ್ಟು ಬರಿಸುವಷ್ಟು ಪ್ರಶ್ನೆ ಕೇಳುವ ಗಿರಾಕಿ ಅವಳೊಬ್ಬಳೇ, ನನಗೆ ಅಚ್ಚುಮೆಚ್ಚಿನವಳೂ ಅವಳೇ.

ಮೊದಲ ಹೆರಿಗೆಗೆ ಅವಳು ದೇವದುರ್ಗಕ್ಕೆ ಹೋದಳು. ಹೋಗುವಾಗ ಟ್ಯಾಂಕಿನ ಜವಾಬ್ದಾರಿಯನ್ನು ಗಂಡನಿಗೆ ಕೊಡಲಿಲ್ಲ, ಅತ್ತೆ ಶರಣಮ್ಮನವರಿಗೆ ಕೊಟ್ಟಳು. ಹವಳದ ಜೊತೆಗಿದ್ದ ಮೀನುಗಳಿಗೆ ಚಿಟಿಕೆ ಆಹಾರ ಹಾಕುವುದನ್ನೂ ಆವಿಯಾದಷ್ಟು ಶುದ್ಧ ನೀರು ತುಂಬುವುದನ್ನೂ ಅವರಿಗೆ ಕಲಿಸಿದ್ದಳು. ಗಂಡುಮಗು ಹುಟ್ಟಿತು. ಅದಾಗಿ ಕೆಲವೇ ವಾರಗಳಿಗೆ, ಏಪ್ರಿಲ್ ಮುಗಿಯುವ ಸುಮಾರಿಗೆ, ನನಗೆ ಮಾನ್ವಿಯಿಂದ ಫೋನ್ ಬಂತು.

"ಮೇಡಂ, ನಾ ಶರಣಮ್ಮ ಮಾತಾಡಾಕತ್ತೀನ್ರಿ, ಪ್ರತಿಭಾನ ಅತ್ತಿ. ಹವಳ ಮಾರಿ ಮುಚ್ಚಿಕೊಂಡು ಕುಂತದ. ಜಲ್ದಿ ಬರ್ರಿ. ಸೊಸಿಗೆ ಮಾತ್ರ ಹೇಳಬ್ಯಾಡ್ರಿ."

ಮರುದಿನ ಬೆಳಗಿನ ಬಸ್ಸಿಗೆ ಹೋದೆ. ಶರಣಮ್ಮನವರು ಅರವತ್ತು ದಾಟಿದ ಗಟ್ಟಿ ಹೆಂಗಸು. ಹಣೆ ತುಂಬ ವಿಭೂತಿ, ಕೊರಳಲ್ಲಿ ಲಿಂಗದ ಕರಡಿಗೆ, ಗಿರಣಿಯ ಹಮಾಲರಿಂದ ಹಿಡಿದು ಮಗನ ತನಕ ಎಲ್ಲರೂ ಅವರ ಮುಂದೆ ಧ್ವನಿ ತಗ್ಗಿಸುತ್ತಾರೆ. ಅಂಥವರು ಟ್ಯಾಂಕಿನ ಮುಂದೆ ಕುರ್ಚಿ ಹಾಕಿಕೊಂಡು, ಆಸ್ಪತ್ರೆಯಲ್ಲಿ ರೋಗಿಯ ಪಕ್ಕ ಕೂತವರ ಹಾಗೆ ಕೂತಿದ್ದರು. ಹವಳ ನಿಜಕ್ಕೂ ಮುಚ್ಚಿಕೊಂಡಿತ್ತು. ಛತ್ರಿ ಸುಕ್ಕುಗಟ್ಟಿ, ಮೇಲೆ ಮೇಣ ಸವರಿದಂತೆ ತೆಳುವಾದ ಪೊರೆ.

ನಾನು ಪದ್ಧತಿಯಂತೆ ನೀರಿನ ಪರೀಕ್ಷೆ ಮಾಡಿದೆ. ಲವಣಾಂಶ 1.025, ಸರಿ. ಉಷ್ಣತೆ 26 ಡಿಗ್ರಿ. ಹೊರಗೆ ಮಾನ್ವಿ ಕಾದ ಹಂಚಾಗಿದ್ದರೂ ಚಿಲ್ಲರ್ ಯಂತ್ರ ಟ್ಯಾಂಕನ್ನು ತಂಪಾಗಿಟ್ಟಿತ್ತು. ನೈಟ್ರೇಟ್, ಫಾಸ್ಫೇಟ್, ಕ್ಷಾರಗುಣ, ಯಾವುದರಲ್ಲೂ ತಕರಾರಿಲ್ಲ. ಆಮೇಲೆ ಮೊಣಕೈತನಕ ಕೈಯನ್ನು ನೀರಿಗಿಳಿಸಿದೆ. ನೀರು ನಿಂತಂತಿತ್ತು.

ಸಮುದ್ರದಲ್ಲಿ ನೀರು ಒಂದು ಕ್ಷಣವೂ ಸುಮ್ಮನಿರುವುದಿಲ್ಲ. ಹವಳಕ್ಕೆ ಕಾಲಿಲ್ಲ, ಎದ್ದು ಹೋಗಿ ತಿನ್ನಲಾರದು, ಮೈ ತೊಳೆದುಕೊಳ್ಳಲಾರದು. ಆಹಾರ, ಆಮ್ಲಜನಕ ತಂದುಕೊಡುವುದೂ ನೀರೇ, ಮೈಮೇಲಿನ ಕೊಳೆ ಒಯ್ಯುವುದೂ ನೀರೇ. ಅದಕ್ಕಾಗಿ ಟ್ಯಾಂಕಿನ ಎರಡು ಬದಿಯ ಗಾಜಿಗೆ ವೇವ್‌ಮೇಕರ್ ಎಂಬ ಸಣ್ಣ ಪಂಪುಗಳನ್ನು ಅಂಟಿಸಿರುತ್ತೇವೆ, ನೀರೊಳಗಿನ ಫ್ಯಾನ್ ಅನ್ನಿ. ಒಮ್ಮೆ ಇದು, ಒಮ್ಮೆ ಅದು ತಿರುಗಿ, ಅಲೆ ದಿಕ್ಕು ಬದಲಿಸುತ್ತ ಇರಬೇಕು. ಒಂದೇ ಕಡೆಯಿಂದ ಸತತವಾಗಿ ಬಡಿದರೂ ಹವಳದ ಆ ಬದಿ ಸವೆಯುತ್ತದೆ. ಇಂಥ ಟ್ಯಾಂಕಿನಲ್ಲಿ ಗಂಟೆಗೆ ಒಟ್ಟು ನೀರಿನ ಹದಿನೈದಿಪ್ಪತ್ತು ಪಟ್ಟು ಹರಿದಾಡಬೇಕೆಂಬುದು ನಮ್ಮ ರೂಢಿಯ ಲೆಕ್ಕ. ಇಲ್ಲಿ ಒಂದು ಪಂಪು ಬಂದ್, ಇನ್ನೊಂದು ಕನಿಷ್ಠದಲ್ಲಿತ್ತು.

"ಇದನ್ನ ಯಾರು ಕಮ್ಮಿ ಮಾಡಿದ್ರಿ?" ಎಂದೆ.

"ನಾನ. ಸುಸ್ತಾದ ಜೀವಕ್ಕ ಅಷ್ಟು ಜೋರ್ ಯಾಕ್ರಿ? ಪಾಪ, ಗಡಗಡ ನಡುಗಾಕತ್ತಿತ್ತು."

ನಾನು ನಕ್ಕೆ. ಲೆದರ್ ಕೋರಲ್ ಆಗಾಗ ತಾನಾಗಿಯೇ ಮುಚ್ಚಿಕೊಳ್ಳುತ್ತದೆ, ಹಾವು ಪೊರೆ ಬಿಡುವ ಹಾಗೆ ಮೈಮೇಲಿನ ಮೇಣದ ಪೊರೆಯನ್ನು ಕಳಚುತ್ತದೆ, ಅದಕ್ಕೆ ಜೋರು ಅಲೆಯೇ ಬೇಕು ಎಂದು ವಿವರಿಸಿದೆ. ಅಲೆ ಇಲ್ಲದಿದ್ದರೆ ಪೊರೆ ಮೈಗೇ ಅಂಟಿ, ಅದರ ಕೆಳಗೆ ಪಾಚಿ ಕೂತು, ಕೊಳೆ ಶುರುವಾಗುತ್ತದೆ ಎಂದೂ ಹೇಳಿದೆ. ಎರಡೂ ಪಂಪು ಹಚ್ಚಿದೆ. ಶರಣಮ್ಮನವರು ಎಲ್ಲಕ್ಕೂ ತಲೆಯಾಡಿಸಿದರು. ಜೋಳದ ರೊಟ್ಟಿ, ಪುಂಡಿಪಲ್ಯ ಹಾಕಿ ಊಟ ಮಾಡಿಸಿ ಕಳಿಸಿದರು. ಸುಲಭದ ಕೇಸು ಎಂದುಕೊಂಡು ಬಸ್ಸಿನಲ್ಲಿ ನಿದ್ದೆ ಮಾಡಿದೆ.

ನಾಲ್ಕೈದು ದಿನಕ್ಕೆ ಮತ್ತೆ ಫೋನ್. ಈ ಸಲ ಶರಣಮ್ಮನವರು ಹೆಸರನ್ನೂ ಹೇಳಲಿಲ್ಲ.

"ಅದರ ತೊಗಲು ಸುಲಿಯಾಕತ್ತದ್ರಿ! ಚಕ್ಕಳ ಕಿತ್ತು ಬರಾಕತ್ತದ!"

"ಭಾಳ ಛಲೋ ಆತ್ರಿ ಅಮ್ಮಾರ. ನಮಗ ಅದಾ ಬೇಕಾಗಿತ್ತು. ಪಂಪ್ ಬಂದ್ ಮಾಡಬ್ಯಾಡ್ರಿ."

ಅವರು ಹೂಂ ಅಂದರು. ಅವರ ಹೂಂ ಎಂಬುದಕ್ಕೆ ಬೆಲೆ ಎಷ್ಟು ಎಂದು ನನಗೆ ಗೊತ್ತಾಗಿದ್ದು ಮುಂದಿನ ವಾರ ಮಾನ್ವಿಗೆ ಹೋದಾಗ. ಟ್ಯಾಂಕಿನ ಮುಂಭಾಗಕ್ಕೆ ಹಳೇ ಇಳಕಲ್ ಸೀರೆಯೊಂದನ್ನು ಪರದೆಯಂತೆ ಇಳಿಬಿಟ್ಟಿದ್ದರು. ಸರಿಸಿ ನೋಡಿದರೆ ಎರಡೂ ಪಂಪು ಬಂದ್. ಕೆಳಗಿನ ಫಿಲ್ಟರಿನಿಂದ ಬರುವ ಸಣ್ಣ ಧಾರೆಯೊಂದೇ ಮೀನುಗಳ ಜೀವ ಹಿಡಿದಿತ್ತು. ಅರ್ಧ ಕಳಚಿದ ಪೊರೆ ಹವಳಕ್ಕೆ ಒದ್ದೆ ಕಾಗದದ ಹಾಗೆ ಅಂಟಿತ್ತು, ಅದರ ಮೇಲೆ ಕೆಂಗಂದು ಬಣ್ಣದ ಲೋಳೆ. ಛತ್ರಿಯ ಒಂದು ಅಂಚು ಕಪ್ಪಾಗಿ ಮೆತ್ತಗಾಗಿತ್ತು. ಬೆರಳು ತಾಗಿಸಿ ಮೂಸಿದರೆ ಕೊಳೆತ ವಾಸನೆ.

ನನಗೆ ಸಿಟ್ಟು ನೆತ್ತಿಗೇರಿತು. ಗಿರಾಕಿಯ ಮನೆಯಲ್ಲಿ ಧ್ವನಿ ಏರಿಸಬಾರದೆಂಬ ನಿಯಮ ನನಗೇ ಮರೆತುಹೋಯಿತು.

"ಎಷ್ಟು ಸಲ ಹೇಳಬೇಕ್ರಿ? ಹಿಂಗಾದ್ರ ಇದು ಸಾಯ್ತದ. ಸೀರಿ ಯಾಕ ಕಟ್ಟೀರಿ ಇದಕ್ಕ?"

"ಬೆಳಕಿಗೆ ಕಣ್ಣು ಚುಚ್ಚತದಂತ ಕಟ್ಟೀನಿ," ಶರಣಮ್ಮನವರೂ ಸೋಲಲಿಲ್ಲ. "ಬಾಣಂತಿ ಕೋಣ್ಯಾಗ ಯಾರರ ಫ್ಯಾನ್ ಹಚ್ಚತಾರೇನು? ಹಸಿ ಮೈಗೆ ಗಾಳಿ ಬಡದ್ರ ಉಳೀತದೇನು?"

"ಇದು ಬಾಣಂತಿ ಅಲ್ರಿ ಅಮ್ಮಾರ, ಹವಳ!"

"ಜೀವ ಅಂದ್ರ ಜೀವಾನ. ನೀ ಹಡದಿಲ್ಲ ತಂಗಿ, ನಿನಗ ತಿಳ್ಯಂಗಿಲ್ಲ."

ಆ ಮಾತು ನನಗೆ ನಾಟಿತು. ಮದುವೆಯಾಗದೆ ಉಳಿದ ಹೆಂಗಸಿಗೆ ಈ ಮಾತು ಹೊಸದಲ್ಲ, ಆದರೆ ಕೆಲಸದ ವಿಷಯದಲ್ಲಿ ಯಾರೂ ಅಂದಿರಲಿಲ್ಲ. ನನ್ನ ಸಾಮಾನಿನ ಪೆಟ್ಟಿಗೆ ಮುಚ್ಚಿ ಎದ್ದು ಹೋಗಿಬಿಡೋಣ ಅನ್ನಿಸಿತು. ಅಷ್ಟರಲ್ಲಿ ಅವರು ಸೆರಗಿನಿಂದ ಬಾಯಿ ಮುಚ್ಚಿಕೊಂಡು ಅಳತೊಡಗಿದರು. ಆ ಮನೆಯ ಯಜಮಾನಿ ಅಳುವುದನ್ನು ಬಾಗಿಲಲ್ಲಿ ನಿಂತ ಅಡುಗೆಯವಳು ನೋಡಿ ಗಾಬರಿಯಾಗಿ ಒಳಗೆ ಹೋದಳು.

"ಮೊದಲ ಈ ಗಾಜು ಕಂಡ್ರ ನನಗ ಆಗತಿದ್ದಿಲ್ಲ. ಪಡಸಾಲ್ಯಾಗ ಇದೇನು ಅಂತಿದ್ದೆ. ದಿನಾ ಸಂಜಿಕ್ಕ ಆಕಿ ನನ್ನ ಪಕ್ಕಕ್ಕ ಕುಂಡ್ರಿಸಿಕೊಂಡು ತೋರ್ಸಾಕಿ. ಅದರ ನೆವದಾಗ ನಾವಿಬ್ರೂ ಮಾತಾಡಾಕ ಕಲಿತ್ವಿ. ಹೋಗಾಕಿದ್ದಾಗ ಗಂಡನ ಕೈಯಾಗ ಕೊಡಲಿಲ್ಲ, ನನ್ನ ಕೈಯಾಗ ಕೊಟ್ಟು ಹೋಗ್ಯಾಳ. ಕೂಸು ಎತ್ತಿಕೊಂಡು ಬಾಗಲಾಗ ನಿಂತಾಗ ಖಾಲಿ ಗಾಜು ತೋರ್ಸಲೇನು ಆಕಿಗೆ?"

ನನ್ನ ಸಿಟ್ಟು ಇಳಿಯಿತು. ಈ ಹೆಂಗಸು ಹಟಕ್ಕೆ ಹೀಗೆ ಮಾಡುತ್ತಿಲ್ಲ, ಅಂಜಿಕೆಗೆ ಮಾಡುತ್ತಿದ್ದಾರೆ ಎಂದು ಆಗ ಅರ್ಥವಾಯಿತು. ಅವರಿಗೆ ಗೊತ್ತಿದ್ದ ಅತ್ಯುತ್ತಮ ಆರೈಕೆ ಎಂದರೆ ಬಾಣಂತನ. ಐದು ಹೆರಿಗೆ ಕಂಡ ಮೈ, ಹತ್ತಾರು ಬಾಣಂತಿಯರಿಗೆ ನೀರು ಹಾಕಿದ ಕೈ ಅದು. ಕತ್ತಲು, ಹೊದಿಕೆ, ಗಾಳಿ ಬಂದ್. ಅದನ್ನೇ ಹವಳಕ್ಕೂ ಮಾಡಿದ್ದರು, ಒಂದು ಕೊರತೆಯೂ ಇಲ್ಲದಂತೆ.

ಆ ದಿನ ನಾವು ಒಂದು ಒಪ್ಪಂದಕ್ಕೆ ಬಂದೆವು. ಬ್ಲೇಡಿನಿಂದ ಕೊಳೆತ ಅಂಚನ್ನು ನಾನು ಕತ್ತರಿಸಿ ತೆಗೆದೆ. ಮೆದು ಹವಳಗಳು ಇಂಥ ಗಾಯವನ್ನು ತಾಳಿಕೊಳ್ಳುತ್ತವೆ. ಶರಣಮ್ಮನವರು ಮುಖ ಆಚೆ ತಿರುಗಿಸಿ ನಿಂತಿದ್ದರು. ಒಂದು ಪಂಪನ್ನು ಸಣ್ಣಗೆ ಹಚ್ಚಲು ಒಪ್ಪಿದರು. ಪೂರ್ತಿ ಜೋರು ಮಾಡಬೇಕಾದರೆ ಪ್ರತಿಭಾಳೇ ಹೇಳಬೇಕು ಎಂದರು. ಆದರೆ ಹವಳಕ್ಕೆ ಹುಷಾರಿಲ್ಲ ಎಂದು ಅವಳಿಗೆ ತಿಳಿಯಲೂ ಬಾರದು, ಬಾಣಂತಿಯ ಮನಸ್ಸು ನೋಯಬಾರದು. ಫೋನ್ ಮಾಡೋಣವೆಂದರೆ ಬಾಣಂತಿ ಫೋನ್ ನೋಡಿದರೆ ಕಣ್ಣು ಹೋಗುತ್ತವೆಂದು ತವರಿನವರು ತೆಗೆದಿಟ್ಟಿದ್ದಾರೆ. "ನೀನಾ ಹೋಗಿ ಕೇಳಿಕೊಂಡು ಬಾ ತಂಗಿ" ಎಂದರು. ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎನ್ನುವಂಥ ಕೆಲಸ. ಆದರೆ ಹವಳಕ್ಕೆ ಹೆಚ್ಚು ಸಮಯವಿರಲಿಲ್ಲ. ಸಣ್ಣ ಅಲೆಗೆ ಆ ಪೊರೆ ಜಗ್ಗುವಂತಿರಲಿಲ್ಲ, ಅದರ ಕೆಳಗೆ ಇನ್ನೊಂದು ಕಡೆ ಕೊಳೆ ಹಿಡಿದರೆ ನಾನು ಕತ್ತರಿಸುತ್ತ ಹೋದಂತೆ ಕಾಂಡವಷ್ಟೇ ಉಳಿಯುತ್ತಿತ್ತು.

ಮರುದಿನ ದೇವದುರ್ಗದ ಬಸ್ಸು ಹತ್ತಿದೆ. ಮೇ ತಿಂಗಳ ಬಿಸಿಲು, ಕಿಟಕಿಯ ಸರಳು ಮುಟ್ಟಿದರೆ ಕೈ ಸುಡುತ್ತಿತ್ತು. ಪ್ರತಿಭಾಳ ತಾಯಿ ಮಲ್ಲಮ್ಮ ಬಾಗಿಲಲ್ಲೇ ನನ್ನನ್ನು ನಿಲ್ಲಿಸಿ, ಕಾಲು ತೊಳೆಸಿ, ಒಳಗೆ ಕರೆದರು. ಸಣ್ಣ ಮೈಯ, ಮೆತ್ತನೆ ಮಾತಿನ ಹೆಂಗಸು. "ಮಾತು ಕಮ್ಮಿ ಮಾಡ್ರಿ, ಬಾಣಂತಿ ಅದಾಳ," ಎಂದು ಪಿಸುಗುಟ್ಟಿದರು.

ಕೋಣೆಯ ಬಾಗಿಲು ತೆರೆದಾಗ ಮೊದಲು ತಾಗಿದ್ದು ಬಿಸಿ, ಆಮೇಲೆ ಅಜವಾನ ಬೆಳ್ಳುಳ್ಳಿಯ ಹೊಗೆಯ ಘಾಟು. ಇದ್ದ ಒಂದು ಕಿಟಕಿಗೆ ಗೋಣಿಚೀಲ ಬಡಿದಿದ್ದರು. ಫ್ಯಾನಿನ ಸ್ವಿಚ್ಚಿಗೆ ಯಾರೂ ಮರೆತು ಒತ್ತಬಾರದೆಂದು ಟೇಪು ಹಚ್ಚಿದ್ದರು. ಹೊರಸಿನ ಮೇಲೆ ಪ್ರತಿಭಾ, ತಲೆಗೂ ಕಿವಿಗೂ ಉಣ್ಣೆಯ ಸ್ಕಾರ್ಫ್ ಬಿಗಿದುಕೊಂಡು ಗೋಡೆ ನೋಡುತ್ತ ಕೂತಿದ್ದಳು. ಪಕ್ಕದಲ್ಲಿ ಕೂಸು, ಕೊರಳು ಎದೆ ತುಂಬ ಕೆಂಪು ಬೆವರುಸಾಲೆ. ತಟ್ಟೆಯಲ್ಲಿ ಮಲ್ಲಮ್ಮ ತುಪ್ಪ ಸುರಿದು ಕಟ್ಟಿದ ಅಂಟಿನುಂಡಿಗಳು ಮುಟ್ಟದೆ ಇದ್ದವು.

"ಬರ್ರಿ ಅಕ್ಕಾ," ಎಂದಳು ಪ್ರತಿಭಾ. ಅಷ್ಟೇ. ಕೂಸು ನೋಡಿದೆ, ಹೆಸರು ಕೇಳಿದೆ, ಊರಿನ ಸುದ್ದಿ ಹೇಳಿದೆ. ವಾರಕ್ಕೆರಡು ಸಲ ಹತ್ತು ಪ್ರಶ್ನೆ ಕೇಳುತ್ತಿದ್ದ ಹುಡುಗಿ ತನ್ನ ಹವಳ ಹೇಗಿದೆ ಎಂಬ ಒಂದು ಪ್ರಶ್ನೆಯನ್ನೂ ಕೇಳಲಿಲ್ಲ. ನಾನು ಕಾದೆ. ಕೇಳಲೇ ಇಲ್ಲ. ಹದಿನೆಂಟು ವರ್ಷದಲ್ಲಿ ಸತ್ತ ಮೀನು ಎಷ್ಟೋ ನೋಡಿದ್ದೇನೆ, ಆದರೆ ಆ ಮೌನಕ್ಕೆ ಹೆದರಿದಷ್ಟು ನಾನು ಯಾವುದಕ್ಕೂ ಹೆದರಿರಲಿಲ್ಲ.

ಕೊನೆಗೆ ನಾನೇ ಸುತ್ತುಬಳಸಿ ಕೇಳಿದೆ. ಬೇರೊಬ್ಬ ಗಿರಾಕಿಯ ಲೆದರ್ ಕೋರಲ್ ಮುಚ್ಚಿಕೊಂಡಿದೆ, ನಿನ್ನದು ಮುಚ್ಚಿಕೊಂಡಾಗ ನೀನು ಏನು ಮಾಡುತ್ತಿದ್ದೆ?

"ಏನೂ ಮಾಡತಿದ್ದಿಲ್ರಿ. ಎರಡೂ ಪಂಪ್ ಜೋರ್ ಬಿಡತಿದ್ದೆ. ಪೊರಿ ಹೋಗತದ, ಆಮ್ಯಾಲ ತಾನಾ ತೆರೀತದ." ಆಮೇಲೆ ಗೋಡೆಯನ್ನೇ ನೋಡುತ್ತ ಅಂದಳು, "ಅಕ್ಕಾ, ಇಲ್ಲಿ ಉಸಿರು ಕಟ್ಟಿದಂಗ ಆಗತದ."

ಹೊರಗೆ ಬಂದು ಮಲ್ಲಮ್ಮನವರಿಗೆ ನೇರವಾಗಿ ಹೇಳಿದೆ. ಕಿಟಕಿ ತೆರೆಯಿರಿ, ಕೂಸಿನ ಮೈ ನೋಡಿ, ಮಗಳ ಮುಖ ನೋಡಿ. ಅವರು ಕೋಪಿಸಿಕೊಳ್ಳಲಿಲ್ಲ. ಕಣ್ಣಲ್ಲಿ ನೀರು ತುಂಬಿಕೊಂಡರು.

"ಆಸ್ಪತ್ರ್ಯಾಗ ಡಾಕ್ಟರಮ್ಮನೂ ಅದಾ ಹೇಳ್ಯಾಳ್ರಿ. ನನಗೇನು ಕಾಣಂಗಿಲ್ಲೇನು? ಆದ್ರ ನಾಳಿ ಆಕಿಗೆ ಸೊಂಟ ಹಿಡೀತು, ಕೂಸಿಗೆ ನೆಗಡಿ ಆತು ಅಂದ್ರ ಬೀಗರು ಏನಂದಾರು? ತೌರುಮನಿಯವರು ಬಾಣಂತನ ಕೆಡಿಸಿ ಕಳಿಸ್ಯಾರ ಅನ್ನಂಗಿಲ್ಲೇನು? ಆಕಿ ನಮ್ಮ ಮನ್ಯಾಗ ಇರೋತನಕ ಅವರ ಒಡವಿ ಇದ್ದಂಗ."

ಮಾನ್ವಿಯಲ್ಲಿ ಒಬ್ಬರು ಇವರ ಮಗಳ ಒಡವೆಯನ್ನು ಕಾಯುತ್ತಿದ್ದರು, ದೇವದುರ್ಗದಲ್ಲಿ ಇವರು ಅವರ ಒಡವೆಯನ್ನು ಕಾಯುತ್ತಿದ್ದರು. ಅವರು ಸೊಸೆಗೆ ಅಂಜಿ, ಇವರು ಬೀಗತಿಗೆ ಅಂಜಿ, ಕಾಯುವ ಜೀವವನ್ನು ಗಾಳಿಯಾಡದಂತೆ ಮುಚ್ಚಿ ಕೂತಿದ್ದರು. ಅತಿಯಾದರೆ ಅಮೃತವೂ ವಿಷ ಎಂಬುದನ್ನು ಚಿಕ್ಕಂದಿನಿಂದ ಕೇಳಿದ್ದೆ, ಎದುರಿಗೆ ಕಂಡಿದ್ದು ಅಂದೇ.

ಅಲ್ಲಿಂದ ರಾಯಚೂರಿಗೆ ಹೋಗದೆ ಸಿರವಾರದ ಮೇಲಿಂದ ಮಾನ್ವಿಗೆ ಹೋದೆ. ಹವಳದ ಬಗ್ಗೆ ಪ್ರತಿಭಾ ಹೇಳಿದ ಮಾತನ್ನು ಅವಳದೇ ಶಬ್ದಗಳಲ್ಲಿ ಶರಣಮ್ಮನವರಿಗೆ ಒಪ್ಪಿಸಿದೆ. ಅವರು ಎದ್ದು ಹೋಗಿ ಟ್ಯಾಂಕಿಗೆ ಕಟ್ಟಿದ್ದ ಸೀರೆಯನ್ನು ತಾವೇ ಬಿಚ್ಚಿದರು. ನಾನು ತೋರಿಸಿದ ಗುಂಡಿಯನ್ನು ತಾವೇ ತಿರುಗಿಸಿದರು. ಎರಡೂ ಪಂಪು ಶುರುವಾಗಿ ಹವಳ ಎಡಕ್ಕೂ ಬಲಕ್ಕೂ ತೂಗಾಡಿತು. ತುಸು ಹೊತ್ತಿಗೆ ಪೊರೆಯ ಅಂಚು ಎದ್ದಿತು, ಪಟಪಟ ಬಡಿದುಕೊಂಡಿತು, ಅಂಗೈಯಷ್ಟು ತುಂಡು ಕಿತ್ತು ನೀರಲ್ಲಿ ತೇಲಿತು. ಶರಣಮ್ಮನವರು ಗಲ್ಲದ ಮೇಲೆ ಕೈಯಿಟ್ಟುಕೊಂಡು, "ಶಿವಾ ಶಿವಾ" ಎನ್ನುತ್ತ ನಿಂತರೇ ಹೊರತು ಗುಂಡಿಯನ್ನು ಮುಟ್ಟಲಿಲ್ಲ. ನಾನು ಜಾಳಿಗೆಯಿಂದ ಆ ತುಂಡನ್ನು ತೆಗೆದು ಅವರ ಅಂಗೈಗೆ ಹಾಕಿದೆ.

"ಇದು ತೊಗಲಲ್ರಿ, ಕೊಳಿ."

ಅವರು ಅದನ್ನು ಬೆರಳಿನಿಂದ ಮುಟ್ಟಿ ಮುಟ್ಟಿ ನೋಡಿದರು. ಆಮೇಲೆ ಕೇಳಿದರು, "ನನ್ನ ಸೊಸಿ ಹ್ಯಾಂಗ ಅದಾಳ?"

ನನ್ನ ಕೆಲಸ ಟ್ಯಾಂಕಿನದು, ಬೀಗರ ನಡುವಿನದಲ್ಲ. ಚೆನ್ನಾಗಿದ್ದಾಳೆ ಎಂದು ಹೇಳಿ ಏಳಬಹುದಿತ್ತು. ಆದರೆ ಆ ಗೋಡೆ ನೋಡುವ ಮುಖ ಕಣ್ಣ ಮುಂದಿತ್ತು.

"ಛಲೋ ಇಲ್ರಿ. ಈ ಹವಳಕ್ಕ ಚಿಲ್ಲರ್ ಅದ. ಆಕಿ ಕೋಣಿಗೆ ಕಿಡಕಿ ಸೈತ ಬಂದ್ ಅದ. ಕೂಸಿನ ಮೈತುಂಬ ಬೆವರುಸಾಲಿ. ಉಣ್ಣವಲ್ಲಳು, ಮಾತಾಡವಲ್ಲಳು. ಹವಳದ ಸುದ್ದಿ ಒಂದ ಸಲನೂ ಕೇಳಲಿಲ್ಲ ನನ್ನ."

"ಅವರವ್ವ ಕಿಡಕಿ ಯಾಕ ತೆಗ್ಯಾಕತ್ತಿಲ್ಲ?"

"ನಿಮಗ ಅಂಜಿ."

"ನನಗ?" ಶರಣಮ್ಮನವರ ಧ್ವನಿ ಏರಿತು. "ನಾ ಅವರಿಗೆ ಒಂದ ಮಾತರ ಅಂದೀನೇನು?"

"ಅಂದಿಲ್ರಿ. ಏನಂತೀರೋ ಅಂತ ಅಂಜ್ಯಾರ."

ಅವರು ಕುರ್ಚಿಯಲ್ಲಿ ಕೂತರು. ಟ್ಯಾಂಕನ್ನೇ ನೋಡುತ್ತಿದ್ದರು. "ನನ್ನ ಅತ್ತಿನೂ ಒಂದ ಮಾತು ಅಂದಿದ್ದಿಲ್ಲ. ಆದ್ರೂ ನಮ್ಮವ್ವ ನನ್ನ ಹಂಗ ಬೇಯಿಸಿದ್ಲು," ಎಂದರು. ಮಗನನ್ನು ಕರೆದು, ಬೆಳಿಗ್ಗೆ ಲಿಂಗಪೂಜೆ ಮುಗಿದ ಕೂಡಲೇ ಕಾರು ಬೇಕೆಂದು ಹೇಳಿದರು. ನಾನೂ ಉಳಿದು ಜೊತೆಗೆ ಹೋಗಬೇಕಾಯಿತು. ಹವಳ ಬದುಕುತ್ತದೋ ಇಲ್ಲವೋ ಇನ್ನೂ ನಮಗಿಬ್ಬರಿಗೂ ಗೊತ್ತಿರಲಿಲ್ಲ.

ಹೇಳದೆ ಕೇಳದೆ ಬಂದ ಬೀಗತಿಯನ್ನು ಕಂಡು ಮಲ್ಲಮ್ಮನವರ ಮುಖ ಬಿಳಿಚಿತು. ಉಟ್ಟ ಸೀರೆ ಸರಿಮಾಡಿಕೊಳ್ಳುತ್ತ, ಚಾಪೆ ಹಾಸುತ್ತ, "ಏನೂ ಕಮ್ಮಿ ಮಾಡಿಲ್ರಿ ಅಕ್ಕಾರ, ಒಂದ ದಿನ ಗಾಳಿ ತಾಗಿಸಿಲ್ಲ," ಎಂದು ಒಂದೇ ಸಮನೆ ಹೇಳತೊಡಗಿದರು. ಶರಣಮ್ಮನವರು ಚಾಪೆಯ ಮೇಲೆ ಕೂಡಲಿಲ್ಲ. ನೇರ ಕೋಣೆಗೆ ಹೋದರು. ಮೊಮ್ಮಗನನ್ನು ನೋಡಿದರು, ಸೊಸೆಯನ್ನು ನೋಡಿದರು. ಕಿಟಕಿಯ ಗೋಣಿಚೀಲವನ್ನು ಎರಡೂ ಕೈಯಿಂದ ಹಿಡಿದು ಜಗ್ಗಿದರು. ಮೊಳೆ ಕಿತ್ತು ಬಂತು.

"ಅಕ್ಕಾರ, ನಾ ನಿಮಗ ಏನೂ ಅನ್ನಂಗಿಲ್ಲ," ಎಂದು ಮಲ್ಲಮ್ಮನವರ ಕೈ ಹಿಡಿದರು. "ಕೂಸಿಗೆ ನೆಗಡಿ ಆದ್ರ ಆಗಲಿ, ನನ್ನ ಮ್ಯಾಲಿರಲಿ. ಇನ್ನ ಈ ಕಿಡಕಿ ಮುಚ್ಚಬ್ಯಾಡ್ರಿ."

ಮಲ್ಲಮ್ಮ ಬಾಗಿಲ ಚೌಕಟ್ಟು ಹಿಡಿದು ಅತ್ತರು. ತಿಂಗಳಿಂದ ಹೊತ್ತ ಭಾರವನ್ನು ಯಾರೋ ಇಳಿಸಿದಂತಿತ್ತು ಆ ಅಳು. ಆಮೇಲೆ ತಾವೇ ಹೋಗಿ ಸ್ವಿಚ್ಚಿನ ಟೇಪು ಕಿತ್ತರು.

ಶರಣಮ್ಮನವರು ಹೊರಸಿನ ತುದಿಗೆ ಕೂತು ಸೊಸೆಯ ಸ್ಕಾರ್ಫಿನ ಗಂಟು ಬಿಚ್ಚಿದರು. ಕೂದಲು ಬೆವರಿನಲ್ಲಿ ತೊಯ್ದು ಅಂಟಿತ್ತು. ಬಾಣಂತಿಯ ಮನಸ್ಸು ನೋಯಬಾರದೆಂದು ನನ್ನಿಂದ ಸುಳ್ಳು ಹೇಳಿಸಿದ್ದ ಅದೇ ಹೆಂಗಸು, ಯಾರೂ ಕೇಳದಿದ್ದರೂ, ತಾವಾಗಿಯೇ ಹೇಳಿದರು:

"ನಿನ್ನ ಹವಳ ಕೆಡಿಸಿಬಿಟ್ಟೀನವ್ವಾ. ಮುಚ್ಚಿಕೊಂಡಿತ್ತು. ಗಾಳಿ ಬಡೀತದಂತ ಅಂಜಿ ಪಂಪ್ ಬಂದ್ ಮಾಡಿದ್ದೆ. ಒಂದು ಅಂಚು ಕೊಳತು, ಇವರು ಕೊಯ್ದು ತಗದ್ರು. ನಿನ್ನೆ ಜೋರ್ ಹಚ್ಚೀನ್ವಾ. ಉಳೀತದೋ ಇಲ್ಲೋ ಗೊತ್ತಿಲ್ಲ."

ಪ್ರತಿಭಾ ಗೋಡೆಯಿಂದ ಮುಖ ತಿರುಗಿಸಿದಳು. ಅತ್ತೆಯನ್ನು ನೋಡಿದಳು, ನನ್ನನ್ನು ನೋಡಿದಳು.

"ಯಾವ ಕಡೀ ಅಂಚು?" ಎಂದಳು.

ನಾನು ಹೇಳಿದೆ. ಅವಳ ಪ್ರಶ್ನೆ ಅಲ್ಲಿಗೆ ನಿಲ್ಲಲಿಲ್ಲ. "ಲೋಳಿ ಯಾವ ಬಣ್ಣ ಇತ್ತು? ಎಷ್ಟು ಕೊಯ್ದ್ರಿ? ಕಾಂಡ ಗಟ್ಟಿ ಅದೋ ಮೆತ್ತಗದೋ? ಎಡಗಡೆ ಪಂಪ್ ಸ್ವಲ್ಪ ಮ್ಯಾಲ ಮುಖ ಮಾಡೀರೋ ಇಲ್ಲೋ? ಅಯ್ಯ ಅಕ್ಕಾ, ಮೊದಲ ಯಾಕ ಹೇಳಲಿಲ್ಲ ನನಗ!" ಅವಳು ಬೈಯುತ್ತಿದ್ದಳು. ಕಣ್ಣಲ್ಲಿ ನೀರು ಸುರಿಯುತ್ತಿತ್ತು, ಬೈಯುತ್ತಲೇ ಇದ್ದಳು. ನಾನು ಒಂದೊಂದಕ್ಕೂ ಉತ್ತರ ಕೊಟ್ಟೆ. ನನ್ನ ವೃತ್ತಿಯಲ್ಲಿ ಅಷ್ಟು ಖುಷಿಯಿಂದ ಬೈಸಿಕೊಂಡಿದ್ದು ಅದೊಂದೇ ಸಲ.

ಹವಳ ಉಳಿಯಿತು. ವಾರದ ಮೇಲೆ ಮೊದಲು ನಡುಭಾಗದಲ್ಲಿ, ಆಮೇಲೆ ಸುತ್ತಲೂ ಪಾಲಿಪ್‌ಗಳು ತೆರೆದವು. ಕೊಯ್ದ ಕಡೆ ಒಂದು ಕಚ್ಚು ಉಳಿಯಿತು, ಅದು ತುಂಬಲು ತಿಂಗಳುಗಳೇ ಹಿಡಿದವು. ಪ್ರತಿಭಾ ಒಂದು ದಿನದಲ್ಲಿ ಚೇತರಿಸಿಕೊಂಡಳು ಎಂದು ನಾನು ಬರೆಯುವುದಿಲ್ಲ. ಮನುಷ್ಯರು ಹವಳಕ್ಕಿಂತ ನಿಧಾನ. ಅವಳನ್ನು ಡಾಕ್ಟರಮ್ಮನ ಬಳಿಗೆ ಮತ್ತೆ ಕರೆದೊಯ್ದರು. ಅತ್ತೆಯೂ ತಾಯಿಯೂ ಇಬ್ಬರೂ ಜೊತೆಗೆ ಹೋದರು.

ಆ ಬೇಸಿಗೆಯ ನಂತರ ನನ್ನ ಕೆಲಸದ ಕ್ರಮದಲ್ಲಿ ಒಂದು ಬದಲಾವಣೆಯಾಯಿತು. ಮೊದಲೆಲ್ಲ ಟ್ಯಾಂಕಿನ ಮುಂದೆ ಕೂತ ಕೂಡಲೇ ಟೆಸ್ಟ್ ಕಿಟ್ ಬಿಚ್ಚುತ್ತಿದ್ದೆ. ಈಗ ಮೊದಲು ಅದನ್ನು ನೋಡಿಕೊಳ್ಳುವವರ ಜೊತೆ ಕೂತು ಚಹಾ ಕುಡಿಯುತ್ತೇನೆ, ನಿಮಗೆ ಇದರ ಬಗ್ಗೆ ಏನು ಅಂಜಿಕೆ ಎಂದು ಕೇಳುತ್ತೇನೆ. ಅಲಕ್ಷ್ಯದಿಂದ ಸತ್ತ ಟ್ಯಾಂಕುಗಳನ್ನು ನಾನು ನೋಡಿದ್ದೇನೆ, ಆದರೆ ಅವಕ್ಕಿಂತ ಹೆಚ್ಚು ಟ್ಯಾಂಕುಗಳು ಅಂಜಿಕೆಯಿಂದ ಸತ್ತಿವೆ. ನೀರಿನಲ್ಲಿ ಏನೇನಿದೆ ಎಂದು ಅಳೆಯಲು ನನ್ನ ಬಳಿ ಎಂಟು ಬಾಟಲಿಗಳಿವೆ. ಒಂದು ಜೀವವನ್ನು ಬಿಗಿಯಾಗಿ ಹಿಡಿದ ಕೈಯನ್ನು ಸಡಿಲಿಸಲು ಮಾತ್ರ, "ಏನಾದರೂ ಆದರೆ ನನ್ನ ಮೇಲಿರಲಿ" ಎನ್ನುವ ಇನ್ನೊಬ್ಬರು ಬೇಕು.